ಎರಿ ಹೊಲದಾಗ ಗಾಲ್ಫ್

ಕೆಟ್ಟ ಹೊಡೆತಕ್ಕೆ ಕಾರಣ ನೂರು ಸಿಗುತ್ತವೆ. ತಲೆ ಎತ್ತಿದೆ, ಮೊಣಕೈ ಬಗ್ಗಿತು, ಬಲಗಾಲಿನ ಭಾರ ಎಡಗಾಲಿಗೆ ಬರಲಿಲ್ಲ, ಹಿಂದೆ ನಿಂತವರು ಯಾರೋ ಕೆಮ್ಮಿದರು, ರಾತ್ರಿ ಉಂಡ ಎಣಗಾಯಿ ಇನ್ನೂ ಕರಗಿರಲಿಲ್ಲ. ಒಳ್ಳೆಯ ಹೊಡೆತಕ್ಕೆ ಮಾತ್ರ ನನಗೆ ಇವತ್ತಿನವರೆಗೂ ಒಂದೇ ಒಂದು ಕಾರಣ ಸಿಕ್ಕಿಲ್ಲ. ಸುಮ್ಮನೆ ಬರುತ್ತದೆ. ಕೋಲಿನ ನಟ್ಟನಡುವೆ ತಾಗಿದ ಚೆಂಡು ಕೈಗೆ ಅರಿವೇ ಆಗದೆ ಟಕ್ಕೆಂದು ಎದ್ದು, ಬದುವಿನ ಬೇವಿನ ಗಿಡದ ತುದಿ ದಾಟಿ, ಮನಸ್ಸಿನಲ್ಲಿ ಗುರುತು ಮಾಡಿದ ಜಾಗದಲ್ಲೇ ಬೀಳುತ್ತದೆ. ಆ ಕಾಲು ಕದಲಿಸದೆ, ಆ ಹಿಡಿತ ಸಡಿಲಿಸದೆ, ಇನ್ನೊಂದು ಚೆಂಡಿಟ್ಟು ಅದನ್ನೇ ಮಾಡಹೋದರೆ ಚೆಂಡು ಇಟ್ಟಲ್ಲೇ ಇರುತ್ತದೆ, ಮಣ್ಣಿನ ಹೆಂಟೆ ಹಾರುತ್ತದೆ. ಎಲ್ಲ ಹೊಡೆತಗಳೂ ಕೆಟ್ಟವೇ ಆಗಿದ್ದರೆ ನಾನು ಎಂದೋ ಕೋಲುಗಳನ್ನು ಅಟ್ಟಕ್ಕೆ ಹಾಕಿ, ಸಂಜೆಯ ಹೊತ್ತು ಮಠದ ಪ್ರವಚನಕ್ಕೆ ಹೋಗಿ ಕೂರುತ್ತಿದ್ದೆ. ಕೆಡಿಸಿದ್ದು ಆ ನಡುನಡುವೆ ಬರುವ ಒಂದು ಒಳ್ಳೆಯ ಹೊಡೆತ.

ಬೈಲಹೊಂಗಲಕ್ಕೆ ಗಾಲ್ಫ್ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಊರವರೂ ಕೇಳಿದ್ದಾರೆ. ನಮ್ಮ ಅಳಿಯ ಸೇನೆಯಲ್ಲಿ ಅಧಿಕಾರಿ. ಬೆಳಗಾವಿಯಲ್ಲಿ ಇದ್ದಷ್ಟು ಕಾಲ ರವಿವಾರ ಬಂದರೆ ನನ್ನನ್ನು ಅಲ್ಲಿಯ ಮಿಲಿಟರಿ ಗಾಲ್ಫ್ ಮೈದಾನಕ್ಕೆ ಕರೆದೊಯ್ಯುತ್ತಿದ್ದ. ವರ್ಗವಾಗಿ ಹೋಗುವಾಗ ತನ್ನ ಹಳೇ ಕೋಲುಗಳ ಚೀಲವನ್ನು ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿ, "ಮಾವಾರ, ಪೆನ್ಶನ್ ಆದ ಮ್ಯಾಲೆ ಮನಷ್ಯಾಗ ಒಂದು ಚಾಳಿ ಇರಬೇಕ್ರಿ" ಅಂದ. ಮೂವತ್ತು ವರ್ಷ ಹುಡುಗರಿಗೆ ಗಣಿತ ಕಲಿಸಿದ ನನಗೆ ಅಲ್ಲಿಯವರೆಗೆ ಎಲೆ ಅಡಿಕೆಯ ಚಾಳಿಯೂ ಇರಲಿಲ್ಲ.

ಒಂದು ಚೀಲದಲ್ಲಿ 14 ಕೋಲಿಗಿಂತ ಹೆಚ್ಚು ಇರಬಾರದು ಅಂತ ಈ ಆಟದ ನಿಯಮ. ನನ್ನ ಮಟ್ಟಿಗೆ ಇದು ತೀರಾ ಉದಾರವಾಯಿತು. ಮೂರು ಕೋಲಿನಲ್ಲಿ ಆಗುವ ತಪ್ಪನ್ನು 14 ಕೋಲಿನಲ್ಲಿ ಮಾಡಲಿಕ್ಕೆ ಅಷ್ಟು ಭಾರ ಹೊರುವುದೇಕೆ? ಸೆವೆನ್ ಐರನ್, ಒಂದು ದಪ್ಪ ತಲೆಯ ಡ್ರೈವರ್, ಗುಂಡಿಗೆ ಚೆಂಡು ತಳ್ಳುವ ಪಟರ್ ಇಷ್ಟನ್ನೇ ಹೆಗಲಿಗೇರಿಸಿ ಹೊಲಕ್ಕೆ ಹೋಗುತ್ತೇನೆ.

ಹೊಲ ಸಂಗೊಳ್ಳಿ ರಸ್ತೆಗೆ ಹತ್ತಿದೆ. ಅಪ್ಪಟ ಎರಿ. ಹಿಂಗಾರಿ ಜೋಳ ಕಿತ್ತು, ತೆನಿ ಮುರಿದು, ಕಣಿಕಿ ಬಣವಿ ಒಟ್ಟಿದ ಮೇಲೆ ಮುಂಗಾರಿನ ತನಕ ಅದು ಖಾಲಿ. ಅಲ್ಲಿ ಬೇವಿನ ಗಿಡದ ಹತ್ತಿರ ಒಂದು, ಬಾವಿಯ ಹತ್ತಿರ ಒಂದು ಗುಂಡಿ ತೋಡಿ ಡಬ್ಬಿ ಹುಗಿದಿದ್ದೇನೆ. ಗುಂಡಿಯ ಅಗಲ ನಿಯಮದ ಪ್ರಕಾರ ಸರಿಯಾಗಿ 108 ಮಿಲಿಮೀಟರ್. ಜಪಮಣಿಯೂ 108, ಆಂಬುಲೆನ್ಸಿನ ನಂಬರೂ 108. ಯಾರು ಇಟ್ಟ ಲೆಕ್ಕವೋ, ಆಡುವವನ ಮನಃಸ್ಥಿತಿ ಬಲ್ಲವರೇ ಇಟ್ಟಿದ್ದಾರೆ.

ಬೇಸಿಗೆಯಲ್ಲಿ ಎರಿ ಮಣ್ಣು ಬಿರಿಯುವುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಅಂಗೈ ಇಳಿಯುವಷ್ಟು ಅಗಲ, ಮೊಣಕೈ ಮುಳುಗಿದರೂ ತಳ ಸಿಗದಷ್ಟು ಆಳ. ಗಾಲ್ಫ್ ಚೆಂಡು 42.67 ಮಿಲಿಮೀಟರಿಗಿಂತ ಸಣ್ಣದಿರಬಾರದು, 45.93 ಗ್ರಾಮಿಗಿಂತ ಭಾರವಿರಬಾರದು ಎಂದು ಕಟ್ಟುನಿಟ್ಟು ಮಾಡಿದವರು ಬೈಲಹೊಂಗಲ ತಾಲೂಕಿನ ಏಪ್ರಿಲ್ ತಿಂಗಳು ಕಂಡವರಲ್ಲ. ಚೆಂಡು ನೆಲಕ್ಕೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಒಂದು ಪುಟ ಏಳುತ್ತದೆ, ಆಮೇಲೆ ಇರುವುದಿಲ್ಲ. ಹುಡುಕಲಿಕ್ಕೆ ನಿಯಮ ಕೊಡುವ ಸಮಯ ಮೂರು ನಿಮಿಷ. 2019ಕ್ಕೆ ಮೊದಲು ಐದು ನಿಮಿಷ ಇತ್ತಂತೆ, ಅದನ್ನೂ ಕಡಿತ ಮಾಡಿದರು. ಸಿಗದಿದ್ದರೆ ಒಂದು ಹೊಡೆತ ದಂಡ, ಮೇಲೆ ಮೊದಲು ಹೊಡೆದಲ್ಲಿಗೇ ತಿರುಗಿ ನಡೆದು ಹೋಗಿ ಮತ್ತೆ ಹೊಡೆಯಬೇಕು. ತಪ್ಪು ಮಾಡಿದ ಹುಡುಗನಿಗೆ ಛಡಿ ಏಟೂ ಕೊಟ್ಟು, ಅದೇ ಲೆಕ್ಕ ಮತ್ತೆ ಬಿಡಿಸು ಅನ್ನುತ್ತಿದ್ದ ಕಾಲದ ಮಾಸ್ತರ ನಾನು. ನ್ಯಾಯ ಎಲ್ಲೋ ಕಾದಿತ್ತು.

ಬಿರುಕಿಗಿಂತ ದೊಡ್ಡ ಸಂಕಟ ಬಲಗಡೆಯ ಕಬ್ಬು. ನನ್ನ ಹೊಡೆತಕ್ಕೆ ಒಂದು ಕಾಯಿಲೆಯಿದೆ, ಅದಕ್ಕೆ ಗಾಲ್ಫಿನವರು ಸ್ಲೈಸ್ ಎನ್ನುತ್ತಾರೆ. ಚೆಂಡಿಗೆ ತಾಗುವ ಹೊತ್ತಿಗೆ ಕೋಲಿನ ಮುಖ, ಕೋಲು ಬೀಸಿ ಬಂದ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಓರೆಯಾಗಿ ತಿರುಗುತ್ತ ಬಲಕ್ಕೆ ಬಾಗಿ ಹೋಗುತ್ತದೆ. ಇದಕ್ಕೆ ಹೆದರಿ ಎಡಕ್ಕೆ ತಿರುಗಿ ನಿಂತು ಹೊಡೆದರೆ ಕೋಲು ಇನ್ನಷ್ಟು ಅಡ್ಡ ಬರುತ್ತದೆ, ಚೆಂಡು ಇನ್ನಷ್ಟು ಬಲಕ್ಕೆ ಬಾಗುತ್ತದೆ. ಔಷಧ ಹೆಚ್ಚಾದಷ್ಟೂ ಬೇನೆ ಹೆಚ್ಚು. ಗಣಿತದ ಮೇಷ್ಟರಾಗಿ ಇದನ್ನೆಲ್ಲ ಹಾಳೆಯ ಮೇಲೆ ಕೋನ ಎಳೆದು ರುಜುವಾತು ಮಾಡಿ ತೋರಿಸಬಲ್ಲೆ. ಹೊಲದಲ್ಲಿ ಮಾತ್ರ ಚೆಂಡು ನೇರ ಪಕ್ಕದವರ ಕಬ್ಬಿಗೇ ಹೋಗುತ್ತದೆ. ಹುಡುಕಲು ಒಳಗೆ ಹೊಕ್ಕರೆ ಚೆಂಡು ಸಿಗುವುದಿಲ್ಲ, ರವದಿ ಕೊಯ್ದು ಕೈತುಂಬ ಗೀರು ಸಿಗುತ್ತದೆ. ಆ ಹೊಲದ ಯಜಮಾನರು ಬದುವಿನ ಮೇಲೆ ನಿಂತು ಒಮ್ಮೆ ಅಂದರು: "ಮಾಸ್ತರ, ನೇಗಿಲ ಹೊಡದು ಬದು ಒತ್ತೋರನ್ನ ಭಾಳ ಮಂದಿನ್ನ ನೋಡೀನ್ರಿ. ಚೆಂಡು ಒಗದು ಒತ್ತೋರು ನೀವ ಮೊದಲನೇದವರು."

ಅಳಿಯನ ಪಾಠ ಈಗ ವಿಡಿಯೋ ಕಾಲಿನಲ್ಲಿ ನಡೆಯುತ್ತದೆ. ಫೋನನ್ನು ಬಣವಿಗೆ ಒರಗಿಸಿಟ್ಟು ಹೊಡೆಯುತ್ತೇನೆ. "ತಲಿ ಎತ್ತಬ್ಯಾಡ್ರಿ ಮಾವಾರ, ತಲಿ." ತಲೆ ತಗ್ಗಿಸಿದರೆ "ಹೆಗಲ ತಿರಗಲಿಲ್ಲ" ಅನ್ನುತ್ತಾನೆ. ಹೆಗಲು ತಿರುಗಿಸಿದರೆ ಸೊಂಟ ನಿಂತಲ್ಲೇ ನಿಂತಿತು. ಸೊಂಟ ತಿರುಗಿಸಿದ ದಿನ ಡಾಕ್ಟರರ ಹತ್ತಿರ ಹೋಗಬೇಕಾಯಿತು. ಒಂದನ್ನು ನೆನಪಿಟ್ಟರೆ ಇನ್ನೊಂದು ಮರೆಯುತ್ತದೆ. ಎಲ್ಲವನ್ನೂ ನೆನಪಿಟ್ಟು ಕೋಲೆತ್ತಿದರೆ ಇಳಿಸುವುದೇ ಮರೆಯುತ್ತದೆ.

ನಮ್ಮ ಹೊಲ ಲಾವಣಿಗೆ ಮಾಡುವ ರೈತ ಇದನ್ನೆಲ್ಲ ಬೇವಿನ ನೆರಳಿನಲ್ಲಿ ಕೂತು ನೋಡುತ್ತಿದ್ದ. ಒಂದು ದಿನ ಎದ್ದು ಬಂದು, "ಗುದ್ದಲಿ ಹಾಕೂ ಮುಂದ ನಾವು ಗುದ್ದಲಿ ನೋಡೂದಿಲ್ರಿ, ನೆಲಾ ನೋಡ್ತೀವಿ. ಕೊಡ್ರಿ ಇಲ್ಲೆ" ಎಂದು ಕೋಲು ಇಸಿದುಕೊಂಡ. ಧೋತರದ ಚುಂಗು ಸಿಕ್ಕಿಸಿದ. ಹಿಡಿತ ತಪ್ಪು, ನಿಲುವು ತಪ್ಪು, ಬೀಸುವಾಗ ಬಾಯಲ್ಲಿ ತಂಬಾಕು ಬೇರೆ. ಚೆಂಡು ಸೂತ ಹಿಡಿದ ಹಾಗೆ ನೆಟ್ಟಗೆ ಹೋಗಿ ಬಾವಿ ದಾಟಿ ಬಿತ್ತು. ಅವನು ಅದು ಬಿದ್ದ ಜಾಗವನ್ನೂ ನೋಡದೆ ಕೋಲು ನನ್ನ ಕೈಗಿಟ್ಟು, "ಇದರಾಗೇನೈತ್ರಿ?" ಎಂದು ಹೋಗಿ ಮತ್ತೆ ನೆರಳಿಗೆ ಕೂತ. ಅಂದಿನಿಂದ ಎಷ್ಟು ಒತ್ತಾಯಿಸಿದರೂ ಕೋಲು ಮುಟ್ಟಿಲ್ಲ. ಬೈಲಹೊಂಗಲದಲ್ಲಿ ಸದ್ಯಕ್ಕೆ ಅತ್ಯುತ್ತಮ ಸರಾಸರಿಯ ಗಾಲ್ಫ್ ಆಟಗಾರ ಅವನೇ.

ಕಿತ್ತೂರಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಇತಿಹಾಸದ ಮಾಸ್ತರ. ಅವನಿಗೆ ಈ ಆಟದ ಹೆಸರು ಹೇಳಿದರೇ ಸಿಟ್ಟು. "ಥ್ಯಾಕರೆ ಮಂದಿ ಆಟ ಆಡ್ತಿ, ಅದೂ ಚೆನ್ನಮ್ಮನ ಸಮಾಧಿ ಇರೋ ಊರಾಗ" ಅನ್ನುತ್ತಾನೆ. ಅವನ ಸಿಟ್ಟಿಗೆ ಇಸವಿಯ ಆಧಾರವೂ ಇದೆ. ಕಿತ್ತೂರು ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯ ಸೆರೆಯಲ್ಲಿ ಕಣ್ಣು ಮುಚ್ಚಿದ್ದು 1829ರಲ್ಲಿ. ಅದೇ 1829ರಲ್ಲಿ ಬ್ರಿಟಿಷರು ಕಲ್ಕತ್ತೆಯಲ್ಲಿ ಗಾಲ್ಫ್ ಕ್ಲಬ್ ತೆರೆದರು. ಬ್ರಿಟಿಷ್ ದ್ವೀಪಗಳ ಹೊರಗೆ ಅದಕ್ಕಿಂತ ಹಳೆಯ ಕ್ಲಬ್ ಇಲ್ಲ. ಬೆಂಗಳೂರಿನ ಕ್ಲಬ್ ಶುರುವಾದದ್ದು 1876ರಲ್ಲಿ. ಇಷ್ಟು ಹೇಳಿ ಅವನು ಸುಮ್ಮನಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ಬಂದ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಗುಂಡಿಕ್ಕಿ ಕೆಡವಿದ ಅಮಟೂರು ಬಾಳಪ್ಪನನ್ನು ಎಳೆದು ತರುತ್ತಾನೆ. "ಅಮಟೂರು ನಿಮ್ಮ ತಾಲೂಕನ್ಯಾಗ ಐತಿ. ಅವನ ಗುರಿ ನೋಡು, ನಿನ್ನ ಗುರಿ ನೋಡು." ಬಾಳಪ್ಪನಿಗೆ ಥ್ಯಾಕರೆ ಎದುರಿಗಿದ್ದ, ನನಗೆ ಬರೀ ಡಬ್ಬಿ ಎದುರಿಗಿದೆ, ಹುರುಪು ಎಲ್ಲಿಂದ ಬರಬೇಕು ಎಂದೆ. ಆ ಉತ್ತರ ಅವನಿಗೂ ಹಿಡಿಸಿತು, ಚಹಾ ಕುಡಿಸಿ ಕಳಿಸಿದ.

ಸವದತ್ತಿಯಲ್ಲಿ ಆಡಿದ್ದನ್ನು ಹೆಚ್ಚು ಬರೆಯುವಂತಿಲ್ಲ. ಕಾಕಾನ ಮಗನ ಹೊಲ ಗುಡ್ಡದ ಕೆಳಗಿದೆ, ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿವೆ. ಕರೆಂಟು ಹುಟ್ಟಿಸಲು ಆರಿಸಿದ ಗಾಳಿಯಲ್ಲಿ 45 ಗ್ರಾಮಿನ ಚೆಂಡು ಎತ್ತಿ ಹೊಡೆದವನ ಬುದ್ಧಿಯನ್ನು ಎಲ್ಲಮ್ಮ ತಾಯಿಯೇ ಕಾಯಬೇಕು. ಒಂದು ಹೊಡೆತವಂತೂ ಮೇಲೆ ಹೋಗಿ ಗಾಳಿಗೆ ನಿಂತು ನನ್ನ ಹಿಂದೆ ಬಿತ್ತು. ಅದನ್ನು ಮುಂದಿನ ಲೆಕ್ಕಕ್ಕೆ ಹಾಕುವುದೋ ಹಿಂದಿನ ಲೆಕ್ಕಕ್ಕೋ ಅಳಿಯನಿಗೂ ಗೊತ್ತಾಗಲಿಲ್ಲ.

ರಾಮದುರ್ಗ ನನ್ನ ಹೆಂಡತಿಯ ತವರು. ಅಲ್ಲಿಗೆ ಹೋದಾಗಲೆಲ್ಲ ಸುರೇಬಾನದ ಶಬರಿಕೊಳ್ಳಕ್ಕೆ ಒಂದು ಸುತ್ತು ಇದ್ದೇ ಇರುತ್ತದೆ. ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ಲೆಕ್ಕ ನನಗೆ ಸರಿಯಾಗಿ ತಿಳಿದದ್ದು ಆ ಕೊಳ್ಳದ ಮೆಟ್ಟಿಲ ಮೇಲೆ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂದಿದೆ. ನೀವು ಆಡಿದ ಕಡೆಯ 20 ಸುತ್ತುಗಳನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಚೆನ್ನಾಗಿ ಆಡಿದ 8ನ್ನು ಮಾತ್ರ ಇಟ್ಟುಕೊಂಡು ಸರಾಸರಿ ತೆಗೆಯುತ್ತಾರೆ. ಉಳಿದ 12 ಕಸಕ್ಕೆ. ಶಬರಿ ಒಂದೊಂದೇ ಬೋರೆ ಕಚ್ಚಿ ನೋಡಿ, ಹುಳಿಯವನ್ನು ಬದಿಗೊತ್ತಿ, ಸಿಹಿಯವನ್ನಷ್ಟೇ ರಾಮನಿಗೆ ಕೊಟ್ಟ ಹಾಗೆ. ಇಂಥ ದಯೆ ನಮ್ಮ ಪರೀಕ್ಷಾ ಮಂಡಳಿಗಳಿಗೆ ಇದ್ದಿದ್ದರೆ ನನ್ನ ಕ್ಲಾಸಿನಲ್ಲಿ ಒಬ್ಬನೂ ಫೇಲಾಗುತ್ತಿರಲಿಲ್ಲ. ಹ್ಯಾಂಡಿಕ್ಯಾಪಿನ ಗರಿಷ್ಠ ಮಿತಿ 54. ಅಂದರೆ 18 ಗುಂಡಿಗಳಲ್ಲಿ ಗುಂಡಿಗೆ ಮೂರರಂತೆ ಹೆಚ್ಚುವರಿ ಹೊಡೆತ ಮಾಫಿ. ಸಾಲಮನ್ನಾ ನೋಡಿ ಬೆಳೆದ ಸೀಮೆಯವನು ನಾನು. ಇಷ್ಟು ಧಾರಾಳದ ಮನ್ನಾ ಎಲ್ಲೂ ಕಂಡಿಲ್ಲ.

ಆದರೆ ಇದೇ ಲೆಕ್ಕ ಮನುಷ್ಯನನ್ನು ಮೋಸಕ್ಕೂ ಕೆಡವುತ್ತದೆ. ಒಳ್ಳೆಯ ಎಂಟನ್ನೇ ಎಣಿಸಿದ್ದರಿಂದ ಬರುವ ಅಂಕಿ ನಾವು ಎಷ್ಟು ಚೆನ್ನಾಗಿ ಆಡಬಲ್ಲೆವು ಅನ್ನುವುದಕ್ಕೆ ಹತ್ತಿರ, ದಿನಾ ಹೇಗೆ ಆಡುತ್ತೇವೆ ಅನ್ನುವುದಕ್ಕೆ ದೂರ. ಹೀಗಾಗಿ ಹೆಚ್ಚಿನ ದಿನಗಳಲ್ಲಿ ಗಾಲ್ಫ್ ಆಡುವವನು ತನ್ನ ಅಂಕಿಗಿಂತ ಕೆಟ್ಟದಾಗೇ ಆಡಿ ಮನೆಗೆ ಬರುತ್ತಾನೆ, "ಇವತ್ತ್ಯಾಕೋ ಸರಿ ಬೀಳಲಿಲ್ಲ" ಅನ್ನುತ್ತಾನೆ. ನನ್ನ ವಹಿಯಲ್ಲೂ ಅದೇ ಷರಾ. ಒಂದೇ ಡಬ್ಬಿಗೆ, ಒಂದೇ ಜಾಗದಿಂದ, ಇವತ್ತಿನ ಲೆಕ್ಕ ನಿನ್ನೆಯದರ ಇಮ್ಮಡಿ.

ಒಂದೇ ಸಮನೆ ಆಡುವುದು ಅಂದರೆ ಏನು ಎಂದು ನೋಡಬೇಕಾದರೆ ಅದಿತಿ ಅಶೋಕ್ ಅವರ ಟೋಕಿಯೊ ಒಲಿಂಪಿಕ್ಸಿನ ಲೆಕ್ಕ ನೋಡಬೇಕು. ಬೆಂಗಳೂರಿನ ಹುಡುಗಿ. 2021ರ ಆಗಸ್ಟಿನಲ್ಲಿ ನಾಲ್ಕು ದಿನ ನಾಲ್ಕು ಸುತ್ತು: 67, 66, 68, 68. ಚಲೋ ದಿನಕ್ಕೂ ಕೆಟ್ಟ ದಿನಕ್ಕೂ ಎರಡೇ ಹೊಡೆತದ ಅಂತರ. ಅಷ್ಟಾಗಿಯೂ ಒಂದೇ ಒಂದು ಹೊಡೆತಕ್ಕೆ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂತು. ಆ ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ಒಲೆಯ ಮೇಲೆ ಸೀದು ಹೋದರೂ ಯಾರೂ ಟಿವಿ ಬಿಟ್ಟು ಏಳಲಿಲ್ಲ. ಅಲ್ಲಿ ಅದಿತಿಯ ಕೋಲುಗಳ ಚೀಲ ಹೊತ್ತಿದ್ದವರು ಅವರ ತಾಯಿ. ಅದನ್ನು ತೋರಿಸಿ ನಾನು ನಮ್ಮವಳಿಗೆ, "ನೋಡು, ಮನಿ ಮಂದಿ ಅಂದ್ರ ಹಿಂಗ ಇರಬೇಕು" ಅಂದೆ.

"ನನ್ನ ಮಗಳು ಆಡಿದ್ರ ನಾನೂ ಹೊರತೀನ್ರಿ" ಅಂದಳು.

ಇನ್ನೊಂದು ಸಲ ಅವಳೇ ಎಲ್ಲಿಂದಲೋ ಓದಿ ಬಂದು, 1457ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಗಾಲ್ಫನ್ನು ನಿಷೇಧಿಸಿತ್ತು, ಜನ ಬಿಲ್ಲುವಿದ್ಯೆಯ ತಾಲೀಮು ಬಿಟ್ಟು ಇದರ ಬೆನ್ನು ಹತ್ತಿದ್ದರಂತೆ ಎಂದು ಹೇಳಿದಳು. ಆಟ ಹುಟ್ಟಿದ ನಾಡಿನಲ್ಲೇ ಅದನ್ನು ಬಂದ್ ಮಾಡಿದವರ ವಿವೇಕ ಅವಳಿಗೆ ಬಹಳ ಮೆಚ್ಚಿಗೆಯಾಗಿದೆ.

ನಮ್ಮ ಜಿಲ್ಲೆಯಲ್ಲಿ ಗಾಲ್ಫ್ ಎಂಬ ಶಬ್ದ ಮನೆಮನೆಗೂ ಮುಟ್ಟಿದ್ದು ಆಟದಿಂದಲ್ಲ, ಚಿರತೆಯಿಂದ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆ ಗಾಲ್ಫ್ ಮೈದಾನ ಹೊಕ್ಕಿತು. ಸುತ್ತಲಿನ 22 ಶಾಲೆಗಳಿಗೆ ರಜೆ. ಬೋನು, ಕ್ಯಾಮೆರಾ, ಡ್ರೋನು, ಕಡೆಗೆ ಸಕ್ರೆಬೈಲಿನಿಂದ ಅರ್ಜುನ, ಆಲೆ ಎಂಬ ಎರಡು ಆನೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲೂ ಅದೇ ಮಾತು. ಚಿರತೆ ಮಾತ್ರ ಒಮ್ಮೆ ಕಂಡು, ಒಮ್ಮೆ ಮರೆಯಾಗಿ, ಕೊನೆಗೂ ಬೋನಿಗೆ ಬೀಳದೆ ಹೋಯಿತು. ಆ ಮೈದಾನದಲ್ಲಿ ಅಷ್ಟು ದಿನ ಅಷ್ಟು ಮಂದಿಯ ಕಣ್ಣೆದುರು ಒಂದು ಹೆಜ್ಜೆಯನ್ನೂ ತಪ್ಪದೆ ಆಡಿದ್ದು ಅದೊಂದೇ ಇರಬೇಕು. ಚೆಂಡಿನ ಹತ್ತಿರ ಅಪಾಯಕಾರಿ ಪ್ರಾಣಿಯಿದ್ದರೆ ದಂಡವಿಲ್ಲದೆ ಬೇರೆ ಕಡೆ ಚೆಂಡು ಇಟ್ಟು ಆಡಬಹುದು ಅಂತ ಗಾಲ್ಫಿನಲ್ಲಿ ನಿಯಮವೇ ಇದೆ. ನಮ್ಮ ಹೊಲದಲ್ಲಿ ಪಕ್ಕದವರ ಹೋರಿ ಬಂದಾಗೆಲ್ಲ ನಾನು ಈ ನಿಯಮ ಬಳಸಿದ್ದೇನೆ. ಆ ಹೋರಿ ಬಲು ಸಾಧು ಅನ್ನುವ ಮಾತನ್ನು ವಹಿಯಲ್ಲಿ ಬರೆದಿಲ್ಲ.

ಮೃಗಶಿರಾ ಹೊತ್ತಿಗೆ ಹೊಲ ರೈತನಿಗೆ ಬಿಟ್ಟುಕೊಡಬೇಕು. ಸಂಗೊಳ್ಳಿ ರಸ್ತೆಯ ಆಸುಪಾಸಿನ ರೈತ ಬಾಂಧವರಲ್ಲಿ ಒಂದು ವಿನಂತಿ. ಹರಗುವಾಗ ಕುಂಟೆಗೆ, ಕಬ್ಬು ಕಡಿಯುವಾಗ ಕುಡಗೋಲಿಗೆ ಬಿಳಿ ಚೆಂಡು ಸಿಕ್ಕರೆ ಅದು ನನ್ನದು. ದಯಮಾಡಿ ನನ್ನ ಕೈಗೇ ಕೊಡಿ. ಮನೆಗೆ ತಂದು ಕೊಡಬೇಡಿ. ಎಷ್ಟು ಕಳೆದಿವೆ ಅನ್ನುವ ಲೆಕ್ಕ ಅಲ್ಲಿ ಇನ್ನೂ ಗೊತ್ತಾಗಿಲ್ಲ.