ಫೈನಲ್, ನ್ಯೂ ಫೈನಲ್, ಇದನ್ನೇ ಕಳಿಸಿ

ಇಬ್ಬರು ಗೆಳೆಯರು ಸೇರಿ ಬೆಂಗಳೂರಿನಲ್ಲಿ ಶುರು ಮಾಡುವ ಜಾಹೀರಾತು ಸ್ಟುಡಿಯೊಗೆ ಫೈಲುಗಳ ತಾಪತ್ರಯ ಇರುವುದಿಲ್ಲ. 'ಲೋಗೋ ಎಲ್ಲಿಟ್ಟೆ ಮಗಾ?' ಎಂದರೆ, 'ಡೆಸ್ಕ್‌ಟಾಪ್ ಮೇಲೇ ಇದೆ ನೋಡೋ' ಎಂದು ಪಕ್ಕದ ಕುರ್ಚಿ ಉತ್ತರಿಸುತ್ತದೆ. ಇಬ್ಬರು ಇಪ್ಪತ್ತು ಮಂದಿಯಾದ ಮೇಲೂ ವ್ಯವಸ್ಥೆ ಬದಲಾಗುವುದಿಲ್ಲ. ಡೆಸ್ಕ್‌ಟಾಪುಗಳು ಮಾತ್ರ ಇಪ್ಪತ್ತಾಗಿರುತ್ತವೆ.

ಒಂದು ಫೋಲ್ಡರ್ ತೆರೆಯಿರಿ. 'ದಸರಾ ಆ್ಯಡ್ ಫೈನಲ್', 'ದಸರಾ ಫೈನಲ್ ನ್ಯೂ', 'ಫೈನಲ್ ಓಕೆ', 'ಓಕೆ ಕರೆಕ್ಷನ್', 'ಸರ್ ಹೇಳಿದ್ದು', 'ಇದನ್ನೇ ಕಳಿಸಿ'. ಇವುಗಳಲ್ಲಿ ಅಚ್ಚಿಗೆ ಹೋದದ್ದು ಯಾವುದೆಂದು ತಿಳಿಯಲು ಬ್ಯಾನರ್ ಕಟ್ಟುವವರೆಗೆ ಕಾಯಬೇಕು. ಸರ್ ಅದನ್ನು ಓದಿ, 'ನಾನು ಹೇಳಿದ್ದು ಇದಲ್ಲ' ಎನ್ನುತ್ತಾರೆ. ಅವರು ಹೇಳಿದ್ದೂ ಅದೇ ಫೋಲ್ಡರಿನಲ್ಲಿ ಸುಖವಾಗಿರುತ್ತದೆ.

ಫೋಟೊ ಹಂಚುವುದಕ್ಕೆ ವಾಟ್ಸಾಪ್ ಇದ್ದೇ ಇದೆ. ಲಕ್ಷಗಟ್ಟಲೆ ಸುರಿದು ತಂದ ಕ್ಯಾಮೆರಾದ ಚಿತ್ರವನ್ನು ಅದು ಹಿಂಡಿ, ಹಿಪ್ಪೆ ಮಾಡಿ ತಲುಪಿಸುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ 2 ಜಿಬಿವರೆಗಿನ ಫೈಲು ಇದ್ದಂತೆಯೇ ಹೋಗುತ್ತದೆ. ಆದರೆ ಅದಕ್ಕೆ ಹೆಬ್ಬೆರಳು ಇನ್ನೊಂದು ಸಲ ಒತ್ತಬೇಕು. ಸೃಜನಶೀಲರಿಗೆ ಅಷ್ಟು ಪುರುಸೊತ್ತೆಲ್ಲಿ?

ವಿಡಿಯೊಗಳ ಪಾಡು ಬೇರೆ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್, ಡ್ರೈವ್, ಫೋಟೊ ಎಲ್ಲವೂ ಹಿಡಿಯಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರಿಸಿದರೆ 20 ನಿಮಿಷಕ್ಕೆ ಜಾಗ ಖಾಲಿ. ದುಡ್ಡು ಕೊಟ್ಟು ಜಾಗ ಕೊಳ್ಳುವುದು ಮರ್ಯಾದೆಗೆ ಕಡಿಮೆ. ಆದ್ದರಿಂದ ಹೊಸ ಜಿಮೇಲ್, ಅದು ತುಂಬಿದರೆ ಇನ್ನೊಂದು. ಒಟಿಪಿ ಹೋಗುವುದು ಹೋದ ಯುಗಾದಿಗೆ ಕೆಲಸ ಬಿಟ್ಟ ಇಂಟರ್ನ್‌ನ ಮೊಬೈಲಿಗೆ. ಸ್ಟೈಪೆಂಡ್ ಬಾಕಿ ಉಳಿಸಿಕೊಂಡವರ ಫೋನನ್ನು ಆತ ಎತ್ತುವುದಿಲ್ಲ.

ಕನ್ನಡದ ಕೆಲಸವಾದರಂತೂ ಪಾಯಸಕ್ಕೆ ಉಪ್ಪು ಬಿದ್ದ ಹಾಗೆ. ಬರೆಯುವವರು ಯೂನಿಕೋಡಿನಲ್ಲಿ ಕಳಿಸುತ್ತಾರೆ, ವಿನ್ಯಾಸ ಮಾಡುವವರ ಕಂಪ್ಯೂಟರಿನಲ್ಲಿ ಹಳೆಯ 'ನುಡಿ' ಫಾಂಟ್. ಫೈಲಿನ ಜೊತೆ ಫಾಂಟ್ ಕಳಿಸುವ ಪದ್ಧತಿ ಯಾರಿಗೂ ಇಲ್ಲ. ತೆರೆದರೆ ಯಾವ ಲಿಪಿಯೆಂದು ಯಾರೂ ಹೇಳಲಾಗದ ಶಾಸನ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಮುನಿಸಿಕೊಂಡು ನಿಂತಿರುತ್ತದೆ. 'ಕರ್ವ್ಸ್ ಮಾಡಿ ಕಳಿಸಿ ಸರ್' ಎನ್ನುತ್ತಾರೆ ಪ್ರೆಸ್ಸಿನವರು. ಮಾಡಿದೊಡನೆ ಅಕ್ಷರವೆಲ್ಲ ಬರೀ ಚಿತ್ರ. ಅದರೊಳಗೆ ನುಸುಳಿದ ಕಾಗುಣಿತದ ತಪ್ಪಿಗೆ ಇನ್ನು ಸಾವಿಲ್ಲ. ತಿದ್ದಲು ಓಪನ್ ಫೈಲ್ ಬೇಕು. ಅದು ರಜೆಯ ಮೇಲೆ ಸಿರ್ಸಿಗೆ ಹೋದವರ ಲ್ಯಾಪ್‌ಟಾಪಿನಲ್ಲಿದೆ.

ದೊಡ್ಡವರೂ ಎಡವಿದ್ದಾರೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಯಾರೋ ಒತ್ತಿದ ಒಂದು ಆಜ್ಞೆಗೆ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಬಾಣಂತನದ ಕಾರಣ ಮನೆಯಿಂದಲೇ ದುಡಿಯುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿ ಒಂದು ಪ್ರತಿ ಸಿಕ್ಕಿ ಸ್ಟುಡಿಯೊದ ಮಾನ ಉಳಿಯಿತು. ನಮ್ಮ ಮಾಲೀಕರಿಗೆ ಈ ಕಥೆ ಹೇಳಿ ನೋಡಿ. ಬ್ಯಾಕಪ್ ಪರೀಕ್ಷಿಸಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. 'ನೋಡ್ರಪ್ಪಾ, ಮನೆಗೂ ಕೆಲಸ ಒಯ್ಯಬೇಕು' ಎನ್ನುತ್ತಾರೆ.

ಕಡೆಗೊಂದು ದಿನ ಮೀಟಿಂಗ್ ಕರೆದು ದುಬಾರಿ ಸಾಫ್ಟ್‌ವೇರ್ ಕೊಳ್ಳುತ್ತಾರೆ. ಮೊದಲ ವಾರ ಎಲ್ಲರೂ ಭಕ್ತಿಯಿಂದ ಫೈಲು ತುಂಬುತ್ತಾರೆ, ಎರಡನೆಯ ವಾರ ಪಾಸ್‌ವರ್ಡ್ ಮರೆಯುತ್ತಾರೆ, ಮೂರನೆಯ ವಾರ 'ವಾಟ್ಸಾಪ್ ಮಾಡಿಬಿಡಿ' ಎನ್ನುತ್ತಾರೆ. ಹೆಸರಿಡುವ ಶಿಸ್ತು ಸಾಫ್ಟ್‌ವೇರಿನ ಜೊತೆ ಉಚಿತವಾಗಿ ಬರುವುದಿಲ್ಲ.

ಮಾಲೀಕರೇ, ಮುಂದಿನ ಡಿಸೈನರನ್ನು ನೇಮಿಸುವ ಮುನ್ನ ಫೈಲುಗಳ ಜವಾಬ್ದಾರಿಯನ್ನು ಇರುವವರಲ್ಲೊಬ್ಬರಿಗೆ ವಹಿಸಿ, ಅದಕ್ಕೆಂದು ಸಂಬಳವನ್ನೂ ಕೊಡಿ. ಹೆಸರಿನಲ್ಲಿ ಗ್ರಾಹಕ, ಕೆಲಸ, ದಿನಾಂಕ ಇರಲಿ. ಮೂರು ಪ್ರತಿ ಇಡಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ. ಒಂದು ಪ್ರತಿ ಕಚೇರಿಯ ಹೊರಗಿರಲಿ. ಆ ಇಂಟರ್ನ್‌ನ ಬಾಕಿಯನ್ನೂ ಚುಕ್ತಾ ಮಾಡಿ. ನಿಮ್ಮ ಅರ್ಧ ಕಚೇರಿ ಅವನ ಜೇಬಿನಲ್ಲಿದೆ.