ಬಾಲ್ಕನಿಯ ನೀಲಿ ಜೆರ್ಸಿ

ಮಹದೇವಪುರದಲ್ಲಿ ಅಳತೆಗೆ ಸಿಗದ ವಸ್ತುವಿಲ್ಲ. ಇಲ್ಲಿನ ಟೆಕ್ ಪಾರ್ಕ್ ಹುಡುಗರು ನಡೆದ ಹೆಜ್ಜೆ, ಕುಡಿದ ನೀರು, ಮಾಡಿದ ನಿದ್ದೆ ಎಲ್ಲಕ್ಕೂ ಗ್ರಾಫ್ ಹಾಕುತ್ತಾರೆ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನನಗೂ ಏನನ್ನಾದರೂ ಅಳೆಯುವ ಚಪಲ ಹತ್ತಿತು. ಎದುರು ಫ್ಲಾಟಿನ ಹುಡುಗನ ಫುಟ್‌ಬಾಲ್ ಅಭಿಮಾನವನ್ನು ಆರಿಸಿಕೊಂಡೆ. ಅಳೆಯುವ ಸಾಧನ, ಅವನ ಬಾಲ್ಕನಿಯ ಬಟ್ಟೆ ಹಗ್ಗ.

ಬೆಂಗಳೂರು ಎಫ್‌ಸಿ ಗೆದ್ದರೆ ನೀಲಿ ಜೆರ್ಸಿ ರಸ್ತೆಗೆ ಎದೆಕೊಟ್ಟು ಒಣಗುತ್ತದೆ. ಡ್ರಾ ಆದರೆ ಟವೆಲಿನ ಮರೆಗೆ ಸರಿಯುತ್ತದೆ. ಸೋತರೆ ಕಾಣುವುದೇ ಇಲ್ಲ.

"ಆ ನೀಲಿ ಬನೀನು ಎಲ್ಲಪ್ಪ?" ಎಂದೆ ಒಮ್ಮೆ.

"ಬನೀನಲ್ಲ ಅಂಕಲ್, ಜೆರ್ಸಿ. ನೆನೆಹಾಕಿದೀನಿ."

ನೆನೆಹಾಕಿ ವಾರವಾಗಿತ್ತು.

ನನ್ನ ವಿಧಾನಕ್ಕೆ ಶಾಸ್ತ್ರಾಧಾರವೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರ ಕ್ಲಾಸಿಗೆ ಬಂದವರ ಬಟ್ಟೆಯನ್ನು ಲೆಕ್ಕಹಾಕಿ 1976ರಲ್ಲಿ ಪ್ರಕಟಿಸಿದರು. ವಾರಾಂತ್ಯದಲ್ಲಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಕಾಲೇಜಿನ ಹೆಸರು ಹೊತ್ತ ಅಂಗಿಗಳು ಹೆಚ್ಚು ಕಂಡವಂತೆ. ಅವರದು ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ, ನಮ್ಮದಲ್ಲ. ಆದರೆ ಅಂಗಿಯ ಬುದ್ಧಿ ಎಲ್ಲ ಕಡೆಯೂ ಒಂದೇ.

ಹುಡುಗನ ಕಷ್ಟದ ಮೂಲ, ಅವನ ತಂಡ ತೀರಾ ಬೇಗ ಗೆದ್ದದ್ದು. 2013ರಲ್ಲಿ ಹುಟ್ಟಿ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಎತ್ತಿಕೊಂಡಿತು. 2016ರಲ್ಲಿ ಇನ್ನೊಮ್ಮೆ. ಗೆಲುವೆಂದರೆ ತಿಂಗಳ ಸಂಬಳದ ಹಾಗೆ ತಾನಾಗಿ ಬರುವಂಥದ್ದು ಎಂದುಕೊಂಡ. 2018ರ ಐಎಸ್‌ಎಲ್ ಫೈನಲ್ ನಮ್ಮ ಕಂಠೀರವದಲ್ಲೇ ನಡೆಯಿತು. ಒಂಬತ್ತನೇ ನಿಮಿಷಕ್ಕೆ ಸುನಿಲ್ ಚೆಟ್ರಿ ಗೋಲು ಹೊಡೆದರು, ಕೊನೆಗೆ ಚೆನ್ನೈಯಿನ್ 3-2ರಿಂದ ಕಪ್ ಒಯ್ದಿತು. ಮರುವರ್ಷ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಕೊಟ್ಟು ಮಾನ ಉಳಿಸಿದರು. ಆಮೇಲೆ 2023ರ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. 2025ರದು ಮುನ್ನಡೆಯಲ್ಲಿದ್ದೂ ಹೆಚ್ಚುವರಿ ಸಮಯದಲ್ಲಿ ಹೋಯಿತು. ಎರಡನ್ನೂ ಕಿತ್ತುಕೊಂಡದ್ದು ಕೋಲ್ಕತ್ತದ ಮೋಹನ್ ಬಾಗಾನ್. ಆಫೀಸಿನಲ್ಲಿ ಅವನ ಮ್ಯಾನೇಜರ್ ಬಂಗಾಳಿ. ಎರಡು ಸಲವೂ ಸೋಮವಾರ ಹುಡುಗನಿಗೆ ಜ್ವರ.

ಅವನ ರೂಮ್‌ಮೇಟ್ ಆರ್‌ಸಿಬಿ ಭಕ್ತ. ಅವನ ಶಿಕ್ಷಣ ಉಲ್ಟಾ. 2008ರ ಮೊಟ್ಟಮೊದಲ ಪಂದ್ಯದಲ್ಲೇ ಮೆಕಲಮ್ ಒಬ್ಬನೇ 158 ಹೊಡೆದ, ಇವರು ಎಲ್ಲರೂ ಸೇರಿ 82. ಅಂದೇ ದೀಕ್ಷೆಯಾಯಿತು. 49ಕ್ಕೆ ಆಲೌಟ್ ಆದ 2017ರ ರಾತ್ರಿಯೂ ಎಗ್ ರೈಸ್ ತಿಂದು ನೆಮ್ಮದಿಯಾಗಿ ಮಲಗಿದೆ ಎನ್ನುತ್ತಾನೆ. ಅವನ ಕೆಂಪು ಜೆರ್ಸಿ ಸೋಲು-ಗೆಲುವೆನ್ನದೆ ಹಗ್ಗದ ಮೇಲೇ ಇರುತ್ತದೆ, ಹಾಗಾಗಿ ಅದರಿಂದ ಅಳೆಯುವವನಿಗೆ ಕಿಂಚಿತ್ತೂ ಉಪಯೋಗವಿಲ್ಲ. 2025ರ ಜೂನ್ 3ರಂದು ಹದಿನೆಂಟನೇ ಸೀಸನ್ನಿಗೆ ಕಪ್ ಬಂತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ಆ ವಾರ ನಾನು ಯಾರ ಹಗ್ಗವನ್ನೂ ನೋಡಲಿಲ್ಲ.

ನಮ್ಮ ಕಾಲದಲ್ಲಿ ಐಟಿಐಗೂ ತಂಡವಿತ್ತು. ಎಚ್‌ಎಎಲ್ ತಂಡದೆದುರು ಸೋತರೆ ಎರಡು ದಿನ ಅವರ ಬಸ್ಸು ಕಂಡಾಗ ಮುಖ ತಿರುಗಿಸುತ್ತಿದ್ದೆವು, ಮೂರನೇ ದಿನ ಮರೆತುಹೋಗುತ್ತಿತ್ತು. ಈಗಿನವರ ಸಿಟ್ಟಿಗೆ ಆಯಸ್ಸು ಜಾಸ್ತಿ. ಮೂರನೇ ಮಹಡಿಯಲ್ಲಿ ಕೇರಳ ಬ್ಲಾಸ್ಟರ್ಸ್‌ನ ಹಳದಿ ಜೆರ್ಸಿಯ ಹುಡುಗನಿದ್ದಾನೆ. 2023ರ ಮಾರ್ಚ್‌ನಲ್ಲಿ ಬ್ಲಾಸ್ಟರ್ಸ್ ಆಟಗಾರರು ಅಡ್ಡಗೋಡೆ ಕಟ್ಟಿ ನಿಲ್ಲುವ ಮೊದಲೇ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದ್ದರು. ಬ್ಲಾಸ್ಟರ್ಸ್ ತಂಡ ಆಟ ಬಿಟ್ಟು ಹೊರನಡೆಯಿತು. ಲಿಫ್ಟಿನಲ್ಲಿ ಆ ಪಂದ್ಯ ಇನ್ನೂ ಮುಗಿದಿಲ್ಲ.

ಇಬ್ಬರೂ ಕಂಠೀರವಕ್ಕೆ ಹೋಗುವುದು ಸಿಂಗಯ್ಯನಪಾಳ್ಯದಲ್ಲಿ ಹತ್ತುವ ಅದೇ ನೇರಳೆ ಮಾರ್ಗದ ಮೆಟ್ರೋದಲ್ಲಿ, ಆದರೆ ಬೇರೆ ಬೇರೆ ಬೋಗಿಗಳಲ್ಲಿ.

"ಒಂದೇ ಬಿಲ್ಡಿಂಗಿನವರು, ಜೊತೆಗೆ ಮಾತಾಡಿಕೊಂಡು ಬರಬಾರದೇನಪ್ಪ?" ಎಂದೆ.

"ಹೇಗೆ ನಂಬೋದು ಅಂಕಲ್? ಅವರು ಅರ್ಧಕ್ಕೇ ಎದ್ದು ಹೋಗೋ ಜನ. ಬೈಯಪ್ಪನಹಳ್ಳೀಲೇ ಇಳಿದುಬಿಟ್ಟರೆ?"