ಮಾರುತಿಯ ತಳಕ್ಕೆ ಬೂತಾಯಿ ಎಣ್ಣೆ

ಕಾಪುವಿನ ನಿವೃತ್ತ ಮಾಷ್ಟ್ರ 1996ರ ಮಾರುತಿ 800ರಲ್ಲಿ ಕಾಲಡಿಯ ಮ್ಯಾಟ್ ಎತ್ತಿದರೆ ರಾಷ್ಟ್ರೀಯ ಹೆದ್ದಾರಿ 66 ನೇರ ಕಾಣುತ್ತಿತ್ತು. ಮಳೆಗಾಲದಲ್ಲಿ ಹೆದ್ದಾರಿಯೇ ಒಳಗೆ ಬರುತ್ತಿತ್ತು.

ಕಾರಣವೇನೂ ಗುಟ್ಟಲ್ಲ. ನೀರೂ ಆಮ್ಲಜನಕವೂ ಸೇರಿದರೆ ಕಬ್ಬಿಣಕ್ಕೆ ತುಕ್ಕು. ಜೊತೆಗೆ ಉಪ್ಪು ಬಿದ್ದರೆ ಕೆಲಸ ಇನ್ನೂ ಚುರುಕು. ಕಾಪುವಿನಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, 1901ರ ದೀಪಸ್ತಂಭದ ಕಡೆಯಿಂದ ಬೀಸುವ ಉಪ್ಪುಗಾಳಿ. ಸಾಲದ್ದಕ್ಕೆ ಮಲ್ಪೆಯಿಂದ ಹೊರಟ ಮೀನಿನ ಲಾರಿಗಳು ಮಂಜುಗಡ್ಡೆ ಕರಗಿದ ನೀರನ್ನು ರಸ್ತೆಯುದ್ದಕ್ಕೂ ಸುರಿಸುತ್ತ ಹೋಗುತ್ತವೆ. ಅವುಗಳ ಹಿಂದೆ ಸಿಕ್ಕಿಬಿದ್ದಾಗೆಲ್ಲ ಮಾಷ್ಟ್ರು ಆಡುವ ಮಾತು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಸಮುದ್ರದ ಉಪ್ಪು ದಡದಿಂದ ಒಳಗೆ ಹೋದಂತೆ ಬೇಗ ಕಡಿಮೆಯಾಗುತ್ತದೆ. ಹಾಗಾಗಿ ಕಾರ್ಕಳದ ಭಾವನ ಬಳಿ ಇರುವ ಅದೇ ವರ್ಷದ ಮಾರುತಿಯ ತಳ ಇನ್ನೂ ಗಟ್ಟಿ. ಭಾವ ಅದನ್ನು ತಮ್ಮ ನಡತೆಗೆ ಸಂದ ಫಲವೆಂದೇ ಹೇಳಿಕೊಳ್ಳುತ್ತಾರೆ. ಅವರ ಊರಲ್ಲಿ ವೀರಪಾಂಡ್ಯ 1432ರಲ್ಲಿ 42 ಅಡಿಯ ಗೊಮ್ಮಟನನ್ನು ಕಲ್ಲಿನಲ್ಲೇ ನಿಲ್ಲಿಸಿದ; ತುಕ್ಕಿನ ಚಿಂತೆ ಅಂದಿನಿಂದಲೇ ಇಲ್ಲ.

ಮಾಷ್ಟ್ರು ಕಾರು ಮಾರಲೊಲ್ಲರು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅದನ್ನು ಕಟ್ಟಿಯಾದ ಮೇಲೆ ಕಾರು ಬಿಡುವುದುಂಟೇ?

ಆಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ ಒಂದು ಕಥೆ ಹೇಳಿದ. ರಾಬರ್ಟ್ ಫರ್ಗುಸನ್ ಎಂಬ ಸ್ಕಾಟಿಷ್ ಹಡಗಿನ ಕಪ್ತಾನ, ತುಕ್ಕು ಹಿಡಿದ ಡೆಕ್ಕಿನ ಮೇಲೆ ಮೀನೆಣ್ಣೆ ಚೆಲ್ಲಿದಲ್ಲಿ ತುಕ್ಕು ಹರಡುವುದು ನಿಂತದ್ದನ್ನು ಕಂಡನಂತೆ. 1921ರಲ್ಲಿ ರಸ್ಟ್-ಓಲಿಯಮ್ ಕಂಪನಿಯನ್ನೇ ಕಟ್ಟಿದನಂತೆ. ಕಥೆ ಮುಗಿಯುವ ಮೊದಲೇ ಮಾಷ್ಟ್ರು ಎದ್ದಾಗಿತ್ತು. ನಮ್ಮ ದೋಣಿಯವರೂ ಮರಕ್ಕೆ ಮೀನೆಣ್ಣೆ ಬಳಿಯುವವರೇ ಅಲ್ಲವೇ? ಶುದ್ಧ ಸಸ್ಯಾಹಾರಿ ಮನೆಗೆ ರಾತ್ರಿ ಹೊತ್ತು ಬೂತಾಯಿ ಮೀನಿನ ಎಣ್ಣೆಯ ಕ್ಯಾನ್ ಬಂತು. ಅಂಗಾತ ಮಲಗಿ ಲೋವರ್ ಆರ್ಮ್, ಹಿಂದಿನ ಆಕ್ಸಲ್, ಸ್ಪ್ರಿಂಗು ಎಲ್ಲಕ್ಕೂ ಅವರು ಧಾರಾಳವಾಗಿ ಬಳಿದರು.

ಬೆಳಿಗ್ಗೆ ಕಾರಿನಡಿಯಲ್ಲಿ ತರಗತಿ ತುಂಬಿತ್ತು. ಮುಂದಿನ ಬೆಂಚಿನ ಮರಿಗಳು ಲೋವರ್ ಆರ್ಮ್ ನೆಕ್ಕುತ್ತಿದ್ದವು. ಹಿಂದಿನ ಬೆಂಚಿನ ಕರಿ ಗಂಡುಬೆಕ್ಕು, ರಾತ್ರಿ ಮಾಷ್ಟ್ರು ಮಲಗಿದ ಭಂಗಿಯಲ್ಲೇ ಮಲಗಿ, ಆಕ್ಸಲನ್ನು ಒಂದು ತುದಿಯಿಂದ ಕ್ರಮವಾಗಿ ಮುಗಿಸುತ್ತ ಬಂದಿತ್ತು. ಬೆಕ್ಕು ಬಿಟ್ಟ ಕಡೆಗಳನ್ನು ನೋಡಿ ಮಾಷ್ಟ್ರಿಗೆ ತಾವು ಎಲ್ಲೆಲ್ಲಿ ಬಳಿಯಲು ಮರೆತಿದ್ದೆಂದು ಗೊತ್ತಾಯಿತು. ಹಾರ್ನ್ ಹೊಡೆದರೆ ಒಂದೂ ಏಳಲಿಲ್ಲ. ಕೋಲು ತಂದರೆ ಒಂದು ಸ್ಪ್ರಿಂಗ್ ಮೇಲೇರಿ ಕೂತಿತು. ಕೊನೆಗೂ ಕಾರು ಹೊರಟು ಕಾಪು ಪೇಟೆಯಲ್ಲಿ ನಿಂತದ್ದೇ ತಡ, ಬುಟ್ಟಿ ಹಿಡಿದ ಹೆಂಗಸೊಬ್ಬರು ಬಂದು, "ಬೂತಾಯಿ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದರು. ಮಾಷ್ಟ್ರ ಹೆಂಡತಿ ಅಲ್ಲೇ ಇಳಿದು ಬಸ್ಸು ಹಿಡಿದರು.

ಕಥೆಯ ಉಳಿದರ್ಧವನ್ನು ಮೊಮ್ಮಗ ಆಮೇಲೆ ಫೋನಿನಲ್ಲಿ ಹೇಳಿದ: ಎಣ್ಣೆ ಬೇಗ ಒಣಗುವಂತೆ, ವಾಸನೆ ಉಳಿಯದಂತೆ ಮಾಡಲಿಕ್ಕೇ ಕಪ್ತಾನನಿಗೆ ವರ್ಷಗಟ್ಟಲೆ ಹಿಡಿಯಿತಂತೆ.

ಉಡುಪಿಯ ಗ್ಯಾರೇಜಿನಲ್ಲಿ ಕಾರು ರಾಂಪ್ ಏರಿತು. "ಮಾಷ್ಟ್ರೇ, ಇದು ರಿಪೇರಿಗೆ ತಂದದ್ದಾ, ಗಸಿ ಮಾಡ್ಲಿಕ್ಕಾ?" ಎಂದ ಮೆಕ್ಯಾನಿಕ್, ಲೋವರ್ ಆರ್ಮ್ ಬೋಲ್ಟು ಕೂರುವ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಸಲೀಸಾಗಿ ಒಳಗೆ ಹೋಯಿತು. ಅವನ ನಗು ನಿಂತಿತು. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆ ತಗಡು ಬಿಟ್ಟರೆ ಚಕ್ರ ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಅದೇ ಕಾರಿನ ಹಿಂದಿನ ಸೀಟಿನಲ್ಲಿ ಮಾಷ್ಟ್ರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತಿದ್ದರು.

ಉಳಿದದ್ದು ಬೇಗ ಆಯಿತು. ಕೊಳೆತ ತಗಡು ಕತ್ತರಿಸಿ ಹೊಸತು ವೆಲ್ಡಿಂಗ್. ಸಿಹಿನೀರಿನಲ್ಲಿ ತೊಳೆದು ಏಪ್ರಿಲ್ ಬಿಸಿಲಲ್ಲಿ ಪೂರ್ತಿ ಒಣಗಿಸಿದ್ದು; ಹಸಿ ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಹೊಡೆದರೆ ಒಳಗೊಳಗೇ ಕೊಳೆಯುತ್ತದೆ. ಮತ್ತೆ ವೈರ್ ಬ್ರಷ್, ರೆಡ್ ಆಕ್ಸೈಡ್, ಅಂಡರ್‌ಕೋಟಿಂಗ್, ಟೊಳ್ಳುಗಳೊಳಗೆ ಮೇಣ. ಬ್ರೇಕ್, ಸೈಲೆನ್ಸರ್, ರಬ್ಬರ್ ಬುಷ್‌ಗಳಿಗೆ ತಾಗದಂತೆ, ಬಾಗಿಲಡಿಯ ನೀರಿಳಿಯುವ ತೂತು ಮುಚ್ಚದಂತೆ.

ಸುದ್ದಿ ತಿಳಿದ ಭಾವ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಕಾರ್ಕಳದಿಂದ ಪರೀಕ್ಷೆಗೆ ಬಂದರು. ತಳ ನೋಡಬೇಕೆಂದು ಹಟ ಹಿಡಿದರು. ಮಾಷ್ಟ್ರು ಮರ್ಯಾದೆಯಿಂದ ಚಾಪೆ ಹಾಸಿಕೊಟ್ಟರು. ಕೋಟಿಂಗ್ ಇನ್ನೂ ಹಸಿ ಇದೆಯೆಂದು ಅವರಿಗೆ ನೆನಪಾದದ್ದು ಭಾವ ಸೊಂಟದವರೆಗೆ ಒಳಗೆ ಸರಿದ ಮೇಲೆ.